ಅಡವಿಟ್ಟ ಹಾಸುವಸ್ತ್ರ, ಹಜಾರಕ್ಕೆ ಬಂದ ಕುರಿ

ರೋಮ್ ನಗರದ ಒಂದು ಗಿರವಿ ಕಚೇರಿ. ಕಿಟಕಿಯಾಚೆ ಕುಳಿತ ಗುಮಾಸ್ತನಿಗೆ ಹೆಂಗಸೊಬ್ಬಳು ಗಂಟೊಂದನ್ನು ಚಾಚುತ್ತಾಳೆ. ಮನೆಯ ಮಂಚಗಳ ಮೇಲಿಂದ ತೆಗೆದ ಹಾಸುವಸ್ತ್ರಗಳು ಅವು. ಗಂಡನಿಗೆ ಭಿತ್ತಿಪತ್ರ ಅಂಟಿಸುವ ಕೆಲಸ ಸಿಕ್ಕಿದೆ, ಆ ಕೆಲಸಕ್ಕೆ ಸೈಕಲ್ ಬೇಕು, ಸೈಕಲ್ ಆಗಲೇ ಅಡವಿನಲ್ಲಿದೆ. ಹಾಸುವಸ್ತ್ರ ಕೊಟ್ಟು ಸೈಕಲ್ ಬಿಡಿಸಿಕೊಳ್ಳಬೇಕು. ಇಷ್ಟೇ ಆಗಿದ್ದರೆ ಅದು ಒಂದು ಬಡ ಸಂಸಾರದ ಕತೆ. ಆದರೆ ಒಳಗಿನ ಆಳು ಆ ಗಂಟನ್ನು ಹಿಡಿದು ಚಾವಣಿಯವರೆಗೂ ಎದ್ದು ನಿಂತ ಅಟ್ಟಣೆಯನ್ನು ಹತ್ತತೊಡಗುತ್ತಾನೆ. ಕ್ಯಾಮೆರಾ ಅವನ ಹಿಂದೆ ಮೇಲೇರುತ್ತದೆ. ಅಲ್ಲಿ ಗಂಟುಗಳ ಮೇಲೆ ಗಂಟು. ಊರಿನ ಎಷ್ಟೋ ಮನೆಗಳ ಹಾಸುವಸ್ತ್ರಗಳು ಅಲ್ಲಿ ಸಾಲಾಗಿ ಕೂತಿವೆ. ಯಾರೂ ಒಂದು ಮಾತೂ ಆಡುವುದಿಲ್ಲ. ಯುದ್ಧ ಮುಗಿದ ಮೇಲಿನ ಇಟಲಿಯ ಬಡತನ ಎಷ್ಟಿತ್ತೆಂದು ತಿಳಿಯಲು ಆ ಕೆಲವು ಕ್ಷಣಗಳು ಸಾಕು.

ವಿತ್ತೋರಿಯೊ ಡೆ ಸಿಕಾನ ‘ಬೈಸಿಕಲ್ ಥೀವ್ಸ್’ ಬಂದದ್ದು 1948ರಲ್ಲಿ. ನಮ್ಮ ಮನೆಯ ಮಹಡಿ ಕೋಣೆಯಲ್ಲಿ ತಿಂಗಳಿಗೊಂದು ಭಾನುವಾರ ಹತ್ತು ಹನ್ನೆರಡು ಮಂದಿ ಸೇರಿ ಸಿನಿಮಾ ನೋಡುತ್ತೇವೆ. ಗೋಡೆಗೆ ಬಿಳಿ ಪಂಚೆ, ಬಾಡಿಗೆ ಪ್ರೊಜೆಕ್ಟರ್, ನಡುವೆ ಚಹಾ ಮಂಡಕ್ಕಿ. ಆ ಸಿನಿಮಾ ಮುಗಿದ ದಿನ ಕೆಳಗಿಳಿಯಲು ಯಾರಿಗೂ ಮನಸ್ಸಿರಲಿಲ್ಲ. ಹುರುಪಿನಲ್ಲಿ ನಾನು ಮುಂದಿನ ತಿಂಗಳಿಗೆ ತಾರ್ಕೊವ್‌ಸ್ಕಿಯ ‘ಮಿರರ್’ ಹಾಕಿದೆ. ಅರ್ಧ ಗಂಟೆಗೆ ನಾಲ್ವರು ಎದ್ದು ಹೋದರು. ಉಳಿದವರಲ್ಲಿ ನನ್ನ ಭಾವನಿಗೂ ಅಣ್ಣನ ಮಗಳಿಗೂ ಅಂದು ಶುರುವಾದ ವಾದ ಇಂದಿಗೂ ಮುಗಿದಿಲ್ಲ.

ಭಾವ ಹೇಳುವುದು ಇಷ್ಟು: “ಸಿನಿಮಾ ನೋಡಿ ಮನೆಗೆ ಹೋದವನು ಏನು ನೋಡಿದೆ ಅಂತ ಹೆಂಡತಿಗೆ ಹೇಳೋ ಹಾಗಿರಬೇಕು. ಇದನ್ನ ಏನಂತ ಹೇಳಲಿ?”

ಅವಳ ಉತ್ತರ: “ಮಾವ, ನಿನ್ನೆ ರಾತ್ರಿ ಬಿದ್ದ ಕನಸನ್ನ ನೆಟ್ಟಗೆ ಹೇಳಿ ನೋಡೋಣ. ಹೇಳೋಕೆ ಬರಲ್ಲ ಅಂದ್ರೆ ಕನಸೇ ಬೀಳಲಿಲ್ಲ ಅಂತಾನಾ?”

ಇಬ್ಬರ ಮಾತಿನಲ್ಲೂ ಹುರುಳಿದೆ ಎಂದು ನನಗೆ ಅನ್ನಿಸುತ್ತದೆ. ಯಾವ ಕಡೆ ಎಷ್ಟು ತೂಕ ಎಂಬುದನ್ನು ನನಗಾಗಿಯೇ ಒಮ್ಮೆ ಬರೆದು ನೋಡಬೇಕಿತ್ತು.

ಮೊದಲು ಭಾವನ ಕಡೆ. ‘ಬೈಸಿಕಲ್ ಥೀವ್ಸ್’ನ ಕತೆಯನ್ನು ಯಾರಿಗಾದರೂ ಎರಡು ವಾಕ್ಯದಲ್ಲಿ ಹೇಳಬಹುದು. ಕೆಲಸದ ಮೊದಲ ದಿನವೇ ಸೈಕಲ್ ಕಳವಾಗುತ್ತದೆ; ಅಪ್ಪ ಆಂತೋನಿಯೊ, ಮಗ ಬ್ರೂನೊ ಇಬ್ಬರೂ ಊರೆಲ್ಲ ಹುಡುಕುತ್ತಾರೆ. ನೋಡುವವನ ಅನುಭವಕ್ಕೆ ಹೊರಗಿನದು ಎಂಬುದು ಇದರಲ್ಲಿ ಒಂದೂ ಇಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಜೇಬುಗಳ್ಳನಿಗೆ ಸಂಬಳ ಕಳೆದುಕೊಂಡವನಿಗೆ ಆಂತೋನಿಯೊನ ಮುಖ ಗೊತ್ತು. ಅಮೆರಿಕದ ನಿರ್ಮಾಪಕ ಡೇವಿಡ್ ಸೆಲ್ಜ್‌ನಿಕ್, ನಾಯಕನ ಪಾತ್ರಕ್ಕೆ ಕ್ಯಾರಿ ಗ್ರಾಂಟ್‌ನನ್ನು ಹಾಕಿಕೊಂಡರೆ ಹಣ ಕೊಡುವುದಾಗಿ ಮುಂದೆ ಬಂದಿದ್ದ. ಡೆ ಸಿಕಾ ಒಪ್ಪದೆ, ಲಂಬೆರ್ತೊ ಮಜ್ಜೊರಾನಿ ಎಂಬ ಕಾರ್ಖಾನೆಯ ಕೆಲಸಗಾರನನ್ನು ಆರಿಸಿದ. ತಾರೆಯೊಬ್ಬ ಸೈಕಲ್ ಕಳೆದುಕೊಂಡರೆ ನಮಗೆ ಆಗುವ ನಷ್ಟವಾದರೂ ಏನು? ಮಜ್ಜೊರಾನಿಯ ಆ ಉದ್ದ ಕಾಲು, ಸಡಿಲ ಕೋಟು, ಎಲ್ಲಿ ಕೈ ಇಟ್ಟುಕೊಳ್ಳಬೇಕೆಂದು ತಿಳಿಯದ ನಿಲುವು, ಇವನ್ನೆಲ್ಲ ನಟನೆಯ ಶಾಲೆಯಲ್ಲಿ ಕಲಿಸಲಾಗದು.

ಸತ್ಯಜಿತ್ ರಾಯ್ ಈ ಚಿತ್ರವನ್ನು 1950ರಲ್ಲಿ ಲಂಡನ್ನಿನಲ್ಲಿ ನೋಡಿದರು. ಜಾಹೀರಾತು ಕಂಪನಿಯ ಕೆಲಸಕ್ಕಾಗಿ ಹೋಗಿದ್ದ ಆ ಕೆಲವು ತಿಂಗಳಲ್ಲಿ ಅವರು ನೂರರ ಹತ್ತಿರ ಸಿನಿಮಾ ನೋಡಿದರೂ ನಾಟಿದ್ದು ಇದೇ. ಹೆಸರಾಂತ ನಟರಿಲ್ಲದೆ, ಸ್ಟುಡಿಯೋ ಇಲ್ಲದೆ, ನಿಜವಾದ ಬೀದಿಯಲ್ಲಿ ಚಿತ್ರ ತೆಗೆಯಬಹುದು ಎಂಬ ಧೈರ್ಯ ಅಲ್ಲಿ ಹುಟ್ಟಿತು. 1955ರ ‘ಪಥೇರ್ ಪಾಂಚಾಲಿ’ ಆ ಧೈರ್ಯದ ಫಲ.

ಕ್ಲಾಸಿಕ್ ಎಂದು ನಾವು ಕರೆಯುವ ಚಿತ್ರಗಳ ಬಗ್ಗೆ ನನಗಿರುವ ದೊಡ್ಡ ಗೌರವ ಇದೇ: ಅವು ನೋಡುವವನನ್ನು ಹೊರಗೆ ನಿಲ್ಲಿಸುವುದಿಲ್ಲ. ನೀನಾಸಂ ಚಿತ್ರಸಮಾಜ 1973ರಲ್ಲಿ ಹೆಗ್ಗೋಡಿನಂಥ ಹಳ್ಳಿಯಲ್ಲಿ ಶುರುವಾದಾಗ ಕೆ.ವಿ. ಸುಬ್ಬಣ್ಣನವರಿಗಿದ್ದ ನಂಬಿಕೆಯೂ ಇದೇ ಇರಬೇಕು. ಅಡಿಕೆ ತೋಟದವರೂ ಹೊಲದ ಕೆಲಸದವರೂ ಜಗತ್ತಿನ ಒಳ್ಳೆಯ ಚಿತ್ರ ನೋಡಬಲ್ಲರು, ಅದಕ್ಕೆ ಇಂಗ್ಲಿಷಾಗಲಿ ಪದವಿಯಾಗಲಿ ಬೇಕಿಲ್ಲ ಎಂಬುದನ್ನು ಆ ಊರು ಕಣ್ಣಾರೆ ಕಂಡಿದೆ.

ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ನೋಡುವಾಗಲೆಲ್ಲ ನನಗೆ ಬ್ರೂನೊ ನೆನಪಾಗುತ್ತಾನೆ. ಡೆ ಸಿಕಾನ ಚಿತ್ರದ ಕೊನೆಯಲ್ಲಿ ಹತಾಶನಾದ ಅಪ್ಪ ತಾನೇ ಇನ್ನೊಬ್ಬನ ಸೈಕಲ್ ಕದಿಯಲು ಹೋಗಿ ಸಿಕ್ಕಿಬೀಳುತ್ತಾನೆ. ಜನ ಅವನ ಕಪಾಳಕ್ಕೆ ಹೊಡೆಯುವುದನ್ನು ಮಗ ನೋಡುತ್ತಾನೆ. ‘ಘಟಶ್ರಾದ್ಧ’ದಲ್ಲಿ ವೇದಪಾಠಕ್ಕೆ ಬಂದ ಪುಟ್ಟ ನಾಣಿ, ತನ್ನನ್ನು ಅಕ್ಕರೆಯಿಂದ ನೋಡಿಕೊಂಡ ಯಮುನಕ್ಕ ಬದುಕಿರುವಾಗಲೇ ಅವಳ ಶ್ರಾದ್ಧ ನಡೆಯುವುದನ್ನು ನೋಡುತ್ತಾನೆ. ದೊಡ್ಡವರ ಅವಮಾನಕ್ಕೆ ಮಗುವೊಂದು ಸಾಕ್ಷಿ. ಬ್ರೂನೊ ಅಪ್ಪನ ಕೈ ಹಿಡಿದುಕೊಳ್ಳುತ್ತಾನೆ. ನಾಣಿಗೆ ಆ ಅವಕಾಶವೂ ಸಿಗುವುದಿಲ್ಲ. ಹೊಸದಾಗಿ ಸಂಸ್ಕರಿಸಿದ ‘ಘಟಶ್ರಾದ್ಧ’ವನ್ನು 2024ರಲ್ಲಿ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ ವಿಭಾಗದಲ್ಲಿ ತೋರಿಸಿದರು. ಅಲ್ಲಿ ಕೂತವರಿಗೆ ಘಟಶ್ರಾದ್ಧ ಎಂಬ ವಿಧಿ ಗೊತ್ತಿರಬೇಕಿಲ್ಲ. ನಾಣಿಯ ಕಣ್ಣು ಸಾಕು.

ಆದರೆ ಭಾವನ ಕಡೆಯಲ್ಲೂ ಒಂದು ತೊಡಕಿದೆ. ಕ್ಲಾಸಿಕ್ ಎಂಬ ಹಣೆಪಟ್ಟಿ ಬಿದ್ದೊಡನೆ ಸಿನಿಮಾ ಕರ್ತವ್ಯವಾಗಿಬಿಡುತ್ತದೆ. ನೋಡಲೇಬೇಕಾದ ನೂರು, ಸಾಯುವ ಮೊದಲು ನೋಡಬೇಕಾದ ಸಾವಿರ ಎಂದು ಪಟ್ಟಿ ಮಾಡಿ ಒಂದೊಂದಕ್ಕೂ ಗುರುತು ಹಾಕುವವರು ಹೆಚ್ಚಿದ್ದಾರೆ. ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರ ಮತ ಕೇಳುತ್ತದೆ. 1952ರ ಮೊದಲ ಮತದಲ್ಲಿ ‘ಬೈಸಿಕಲ್ ಥೀವ್ಸ್’ಗೇ ಮೊದಲ ಸ್ಥಾನ. ಆಮೇಲೆ 1962ರಿಂದ 2002ರವರೆಗೂ ‘ಸಿಟಿಜನ್ ಕೇನ್’, 2012ರಲ್ಲಿ ‘ವರ್ಟಿಗೊ’, 2022ರಲ್ಲಿ ಶಾಂತಾಲ್ ಅಕೆರ್‌ಮನ್ ಎಂಬ ಮಹಿಳೆಯ ‘ಜಾನ್ ಡೀಲ್‌ಮನ್’. ಈ ಎಪ್ಪತ್ತು ವರ್ಷದಲ್ಲಿ ಡೆ ಸಿಕಾನ ಚಿತ್ರದ ಒಂದು ಚೌಕಟ್ಟೂ ಬದಲಾಗಿಲ್ಲ, ಬದಲಾದದ್ದು ಮತ ಹಾಕಿದವರು. ಹಾಗಾಗಿ ಯಾವುದೋ ಪಟ್ಟಿಯಲ್ಲಿದೆ ಎಂಬ ಕಾರಣಕ್ಕೆ ಯಾರನ್ನೂ ಮೂರು ಗಂಟೆ ಕೂರಿಸುವ ಹಕ್ಕು ನಮಗಿಲ್ಲ.

ಇನ್ನು ಕನಸಿನ ಕಡೆ. ಅತಿವಾಸ್ತವದ ಸಿನಿಮಾ ಎಂದೊಡನೆ ಎಲ್ಲರೂ ಮೊದಲು ಹೆಸರಿಸುವುದು ‘ಆಂಡಲೂಸಿಯದ ನಾಯಿ’ಯನ್ನು. 1929ರಲ್ಲಿ ಲೂಯಿ ಬುನ್ಯುವೆಲ್ ಮತ್ತು ಚಿತ್ರಕಾರ ಸಾಲ್ವಡಾರ್ ಡಾಲಿ ಸೇರಿ ಮಾಡಿದ್ದು. ಹಣ ಕೊಟ್ಟದ್ದು ಬುನ್ಯುವೆಲ್‌ನ ತಾಯಿ. ಅಂಗೈಯಲ್ಲಿ ಇರುವೆ ಹರಿದಾಡಿದ ಕನಸು ಡಾಲಿಯದು. ಮೋಡವೊಂದು ಚಂದ್ರನನ್ನು ಸೀಳಿದಂತೆ ಕ್ಷೌರದ ಕತ್ತಿ ಕಣ್ಣನ್ನು ಸೀಳುವ ಕನಸು ಬುನ್ಯುವೆಲ್‌ನದು. ಒಂದು ವಾರದೊಳಗೆ ಚಿತ್ರಕತೆ ಮುಗಿಸಿದರು. ಅವರಿಟ್ಟುಕೊಂಡ ನಿಯಮ ಒಂದೇ: ತರ್ಕದಿಂದ ವಿವರಿಸಲು ಬರುವ ಯಾವ ಚಿತ್ರವನ್ನೂ ಒಳಗೆ ಬಿಡಬಾರದು. ಪ್ಯಾರಿಸ್ಸಿನ ಮೊದಲ ಪ್ರದರ್ಶನದಲ್ಲಿ ಬುನ್ಯುವೆಲ್ ಪರದೆಯ ಹಿಂದೆ ಗ್ರಾಮಫೋನ್ ಹಾಕುತ್ತ ನಿಂತಿದ್ದ, ಜೇಬಿನ ತುಂಬ ಕಲ್ಲು. ಜನ ಗಲಾಟೆ ಎಬ್ಬಿಸಿದರೆ ಎಸೆಯಲು. ಕಲ್ಲು ಬೇಕಾಗಲಿಲ್ಲ, ಚಿತ್ರ ತಿಂಗಳುಗಟ್ಟಲೆ ಓಡಿತು.

ಆ ಕಿರುಚಿತ್ರವನ್ನು ನಾನು ಮೂರು ಸಲ ನೋಡಿದ್ದೇನೆ. ಬೆರಗು ಇದೆ, ಪ್ರೀತಿ ಹುಟ್ಟಿಲ್ಲ. ಪ್ರೀತಿ ಹುಟ್ಟಿದ್ದು ಅದೇ ಬುನ್ಯುವೆಲ್ ಮೂವತ್ತಮೂರು ವರ್ಷದ ಮೇಲೆ ಮೆಕ್ಸಿಕೊದಲ್ಲಿ ಮಾಡಿದ ‘ದಿ ಎಕ್ಸ್‌ಟರ್ಮಿನೇಟಿಂಗ್ ಏಂಜೆಲ್’ (1962) ಮೇಲೆ.

ಸಂಗೀತ ನಾಟಕ ಮುಗಿಸಿಕೊಂಡು ಊರಿನ ಸಿರಿವಂತರು ಒಬ್ಬನ ಬಂಗಲೆಗೆ ಊಟಕ್ಕೆ ಬರುತ್ತಾರೆ. ಅವರು ಬರುವ ಹೊತ್ತಿಗೆ ಆಳುಕಾಳುಗಳೆಲ್ಲ ಏನೋ ನೆಪ ಹೇಳಿ ಮನೆ ಬಿಟ್ಟು ಹೊರಡುತ್ತಿದ್ದಾರೆ, ಯಾಕೆಂದು ಅವರಿಗೂ ತಿಳಿಯದು. ಊಟವಾಯಿತು, ಪಿಯಾನೊ ಆಯಿತು, ಹೊರಡುವ ಹೊತ್ತು. ಯಾರೂ ಹೊರಡುವುದಿಲ್ಲ. ಹಜಾರದ ಬಾಗಿಲು ತೆರೆದೇ ಇದೆ, ಅಗಳಿಯಿಲ್ಲ, ಕಾವಲಿಲ್ಲ. ಆದರೂ ಹೊಸ್ತಿಲ ಹತ್ತಿರ ಬಂದವರು ಏನೋ ನೆನಪಾದಂತೆ ಹಿಂದಿರುಗುತ್ತಾರೆ. ಒಂದು ರಾತ್ರಿ ಕಳೆಯುತ್ತದೆ, ಹಲವು ದಿನ ಕಳೆಯುತ್ತವೆ. ನೀರಿಲ್ಲದೆ ಗೋಡೆ ಒಡೆದು ಕೊಳಾಯಿಗೆ ತೂತು ಹಾಕುತ್ತಾರೆ. ಕೋಟು, ರೇಷ್ಮೆ ಗೌನು, ಉಪಚಾರದ ಮಾತು ಒಂದೊಂದಾಗಿ ಉದುರುತ್ತವೆ. ಮನೆಯೊಳಗೆ ಅಡ್ಡಾಡುತ್ತಿದ್ದ ಕುರಿಗಳು ಹಜಾರಕ್ಕೆ ಬರುತ್ತವೆ, ಹಸಿದವರು ಅವನ್ನು ಹಿಡಿದು ಕೊಯ್ದು ಅಲ್ಲೇ ಬೆಂಕಿ ಹಾಕಿ ಸುಡುತ್ತಾರೆ. ಹೊರಗೆ ಪೊಲೀಸರು, ಬಂಧುಗಳು, ನೋಡುವ ಜನ ಎಲ್ಲ ಸೇರಿದ್ದಾರೆ; ಅವರಿಂದಲೂ ಒಳಗೆ ಕಾಲಿಡಲು ಆಗುತ್ತಿಲ್ಲ.

ಏಕೆ ಎಂದು ಚಿತ್ರ ಹೇಳುವುದಿಲ್ಲ. ಬುನ್ಯುವೆಲ್ ಕೂಡ ವಿವರಣೆ ಇಲ್ಲವೆಂಬುದೇ ಒಳ್ಳೆಯ ವಿವರಣೆ ಎಂಬ ನಿಲುವಿನವನು. ಆದರೆ ನೋಡುತ್ತಿರುವ ನನಗೆ ಆ ಹೊಸ್ತಿಲು ಚೆನ್ನಾಗಿ ಗೊತ್ತು. ಬಿಡಬೇಕೆಂದು ನಿರ್ಧರಿಸಿದ ಕೆಲಸ, ಎದ್ದು ಬರಬೇಕಿದ್ದ ಸಭೆ, ಎದುರಾಡಬೇಕಿದ್ದ ಮಾತು. ಬಾಗಿಲು ತೆರೆದೇ ಇತ್ತು, ಕಾಲು ಏಳಲಿಲ್ಲ. ಈ ಅನುಭವವನ್ನು ಸಹಜ ಕತೆಯಲ್ಲಿ ಹೇಳಹೊರಟರೆ ಕಾರಣ ಕೊಡಬೇಕಾಗುತ್ತದೆ: ಸಾಲ ಇತ್ತು, ಹೆದರಿಕೆ ಇತ್ತು, ಮನೆಯವರು ಬೇಡವೆಂದರು. ಕಾರಣ ಕೊಟ್ಟ ಕೂಡಲೇ ಅದು ಆ ಒಬ್ಬನ ಸಮಸ್ಯೆಯಾಗುತ್ತದೆ. ಕಾರಣ ಕೊಡದೆ ಬಿಟ್ಟದ್ದರಿಂದ ಅದು ನನ್ನದಾಯಿತು. ಕನಸಿನ ಸಿನಿಮಾದ ಪರವಾಗಿ ಇದಕ್ಕಿಂತ ಗಟ್ಟಿಯಾದ ವಾದ ನನಗೆ ಸಿಕ್ಕಿಲ್ಲ.

ಕನ್ನಡದವರಿಗೆ ಇದು ತೀರಾ ಹೊಸದೂ ಅಲ್ಲ. ಅಲ್ಲಮನ ಬೆಡಗಿನ ವಚನಗಳನ್ನು ಎಂಟು ಶತಮಾನದಿಂದ ಇಟ್ಟುಕೊಂಡ ಭಾಷೆ ನಮ್ಮದು. ಅಲ್ಲಿ ನಂಬಲಾಗದ ಚಿತ್ರ ಮೊದಲು ಎದೆಗೆ ಬಡಿಯುತ್ತದೆ, ಅರ್ಥ ಆಮೇಲೆ ಟೀಕೆಯ ಕೈಹಿಡಿದು ಬರುತ್ತದೆ. ಅಣ್ಣನ ಮಗಳು ಈ ಹೋಲಿಕೆಯನ್ನು ಬಹಳ ಮೆಚ್ಚಿದಳು. ಆದರೆ ಭಾವ ಇಲ್ಲೊಂದು ಸರಿಯಾದ ತಕರಾರು ಎತ್ತಿದರು. ಬೆಡಗಿಗೆ ಬೀಗದ ಕೈ ಉಂಟು. ಷಟ್‌ಸ್ಥಲದ ಹಾದಿ ಬಲ್ಲವರಿಗೆ ಅದು ತೆರೆಯುತ್ತದೆ, ಟೀಕಾಕಾರರು ತೆರೆದು ತೋರಿಸಿದ್ದಾರೆ. ಬುನ್ಯುವೆಲ್ ಬೀಗದ ಕೈಯೇ ಇಲ್ಲ ಎನ್ನುತ್ತಾನೆ. ಎರಡೂ ಒಂದೇ ಹೇಗಾಗುತ್ತದೆ? ಈ ಪ್ರಶ್ನೆಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಹೋಲಿಕೆಯನ್ನು ಅರ್ಧಕ್ಕೆ ಮಾತ್ರ ಒಪ್ಪಬಹುದು.

ಅತಿವಾಸ್ತವದ ಮೇಲಿನ ಆಕ್ಷೇಪಗಳಲ್ಲಿ ನನಗೆ ಬಲವಾಗಿ ಕಾಣುವುದು ಬೇರೆಯೇ. ಅರ್ಥವಾಗದಿರುವುದು ಕೆಲವರಿಗೆ ಗುರಾಣಿಯಾಗುತ್ತದೆ. ಕತೆ ಕಟ್ಟಲು ಬಾರದವನು, ನಟರಿಂದ ಕೆಲಸ ತೆಗೆಯಲು ಬಾರದವನು, ಒಂದಿಷ್ಟು ಮಂಜು, ಒಂದು ಮುರಿದ ಗೊಂಬೆ, ತಲೆಕೆಳಗಾದ ಕುರ್ಚಿ ಜೋಡಿಸಿ ಕನಸು ಎಂದುಬಿಡಬಹುದು. ಕೇಳಿದರೆ ನಿಮಗೆ ತಿಳಿಯಲಿಲ್ಲ ಎಂಬ ಉತ್ತರ. ಪ್ರೇಕ್ಷಕ ತನ್ನನ್ನೇ ದಡ್ಡನೆಂದುಕೊಂಡು ಸುಮ್ಮನಾಗುತ್ತಾನೆ. ಇದು ಅನ್ಯಾಯ. ಸಹಜ ಕತೆಯ ಸಿನಿಮಾ ಸೋತರೆ ಸೋತದ್ದು ಎಲ್ಲರಿಗೂ ಕಾಣುತ್ತದೆ; ಕನಸಿನ ಸಿನಿಮಾ ಸೋತದ್ದನ್ನು ಮುಚ್ಚಿಡಬಹುದು. ಈ ಹಾದಿಯ ಹಲವು ಹೆಸರಾಂತ ಚಿತ್ರಗಳಲ್ಲಿ ಹೆಣ್ಣಿನ ದೇಹವನ್ನು ನೋಡುವ ಬಗೆಯೂ ನನಗೆ ಸಹಿಸಲಾಗದು. ಗಂಡಸಿನ ಕನಸನ್ನೇ ಮನುಷ್ಯನ ಕನಸೆಂದು ತೋರಿಸಿದ್ದಾರೆ. 1943ರಲ್ಲೇ ಮಾಯಾ ಡೆರೆನ್ ತನ್ನ ಗಂಡನ ಜೊತೆ ಮಾಡಿದ ‘ಮೆಶಸ್ ಆಫ್ ದಿ ಆಫ್ಟರ್‌ನೂನ್’ ನೋಡಿದರೆ ಈ ಕೊರತೆ ಇನ್ನೂ ಎದ್ದು ಕಾಣುತ್ತದೆ. ಒಂದು ಬೀಗದ ಕೈ, ಒಂದು ಚಾಕು, ಮನೆಯ ಮೆಟ್ಟಿಲು, ಮುಖದ ಜಾಗದಲ್ಲಿ ಕನ್ನಡಿಯಿರುವ ಒಂದು ಆಕೃತಿ. ಕಾಲು ಗಂಟೆಯೂ ಇಲ್ಲದ ಆ ಚಿತ್ರದಲ್ಲಿ ಹೆಣ್ಣಿಗೆ ತನ್ನ ಮನೆಯೇ ಅಪರಿಚಿತವಾಗುವುದನ್ನು ಹೆಣ್ಣೇ ಕಾಣಿಸಿದ್ದಾಳೆ.

ನಮ್ಮ ಜಗಳದ ಮೂಲವಾದ ‘ಮಿರರ್’ಗೆ ಬರುತ್ತೇನೆ. 1975ರ ಈ ಚಿತ್ರ ನೋಡಿದ ಸೋವಿಯತ್ ಪ್ರೇಕ್ಷಕರು ಬರೆದ ಪತ್ರಗಳನ್ನು ತಾರ್ಕೊವ್‌ಸ್ಕಿ ತನ್ನ ‘ಸ್ಕಲ್ಪ್ಟಿಂಗ್ ಇನ್ ಟೈಮ್’ ಪುಸ್ತಕದಲ್ಲಿ ಕೊಟ್ಟಿದ್ದಾನೆ. ಲೆನಿನ್‌ಗ್ರಾಡಿನ ಮಹಿಳಾ ಎಂಜಿನಿಯರ್ ಒಬ್ಬರು, ಅರ್ಥ ಮಾಡಿಕೊಳ್ಳಲು ಪ್ರಾಮಾಣಿಕವಾಗಿ ಹೆಣಗಿದ್ದಕ್ಕೆ ಅರ್ಧ ಗಂಟೆಯಲ್ಲೇ ತಲೆನೋವು ಬಂತು, ಆದರೂ ಕೊನೆಯವರೆಗೆ ಕೂತೆ ಎಂದು ದೂರಿದ್ದಾರೆ. ಗೋರ್ಕಿ ಪಟ್ಟಣದ ಇನ್ನೊಬ್ಬ ಮಹಿಳೆ, ನನ್ನ ಬಾಲ್ಯ ಹೀಗೇ ಇತ್ತು, ಅದು ನಿಮಗೆ ತಿಳಿದದ್ದು ಹೇಗೆ ಎಂದು ಕೇಳಿದ್ದಾರೆ. ಅದೇ ಚಿತ್ರ, ಅದೇ ದೇಶ, ಇಬ್ಬರೂ ಸುಳ್ಳು ಹೇಳುತ್ತಿಲ್ಲ. ತಲೆನೋವಿನ ಪತ್ರವನ್ನೂ ಬಚ್ಚಿಡದೆ ಅಚ್ಚು ಹಾಕಿಸಿದ್ದು ತಾರ್ಕೊವ್‌ಸ್ಕಿಯ ದೊಡ್ಡತನ ಎಂದುಕೊಂಡಿದ್ದೇನೆ.

ಆ ಚಿತ್ರಕ್ಕಾಗಿ ಅವನು ತಾನು ಬಾಲ್ಯ ಕಳೆದ ಮನೆಯನ್ನು ಹಳೆಯ ಅಡಿಪಾಯದ ಮೇಲೇ ಮತ್ತೆ ಕಟ್ಟಿಸಿದ. ಮನೆಯ ಮುಂದೆ ಬಿಳಿ ಹೂ ಬಿಡುವ ಬಕ್‌ವೀಟ್ ಹೊಲವಿದ್ದದ್ದು ಅವನ ನೆನಪು. ಈ ಮಣ್ಣಿನಲ್ಲಿ ಅದು ಬೆಳೆಯುವುದಿಲ್ಲ, ನಾವು ಬಹಳ ಕಾಲದಿಂದ ಬಿತ್ತಿಲ್ಲ ಎಂದು ಊರಿನ ರೈತರು ಹೇಳಿದರು. ಹೊಲವನ್ನು ಗುತ್ತಿಗೆಗೆ ಹಿಡಿದು ಬಿತ್ತಿಸಿದ. ಹೂ ಬಿಟ್ಟಿತು. ತೆರೆಯ ಮೇಲೆ ಆ ಹೊಲವನ್ನು ಗಾಳಿ ತೀಡಿಕೊಂಡು ಬರುವಾಗ ಮಾರ್ಗರೀತಾ ತೆರೆಖೋವಾ ಬೇಲಿಯ ಮೇಲೆ ಕೂತಿದ್ದಾಳೆ, ದಾರಿ ಕಾಯುತ್ತ. ಮುದುಕಿಯಾದ ತಾಯಿಯ ಪಾತ್ರದಲ್ಲಿ ಇರುವುದು ನಿರ್ದೇಶಕನ ಸ್ವಂತ ತಾಯಿ. ಇದನ್ನು ಬುದ್ಧಿವಂತಿಕೆಯ ಪ್ರದರ್ಶನ ಎನ್ನಲಾರೆ. ಒಂದು ಹೊಲಕ್ಕಾಗಿ ಒಂದು ಬೆಳೆಯ ಕಾಲ ಕಾದವನು ನೋಡುವವರಿಂದ ನೂರು ನಿಮಿಷ ಕೇಳುತ್ತಿದ್ದಾನೆ. ಕೊಡಬಹುದು ಎನ್ನಿಸುತ್ತದೆ. ಆದರೆ ವಾರವಿಡೀ ದುಡಿದು ಒಂದೇ ಭಾನುವಾರ ಬಿಡುವಿರುವವನು ಕೊಡಲಾರೆ ಎಂದರೆ ಅವನನ್ನು ಹೀಗಳೆಯುವ ಅಧಿಕಾರ ನನಗಿಲ್ಲ. ಅಂದು ಎದ್ದು ಹೋದ ನಾಲ್ವರಲ್ಲಿ ಒಬ್ಬ ಗೆಳೆಯ ಎರಡು ವರ್ಷ ನಮ್ಮ ಮಹಡಿ ಹತ್ತಲಿಲ್ಲ. ತಪ್ಪು ಅವನದಲ್ಲ, ಹೊತ್ತಲ್ಲದ ಹೊತ್ತಿನಲ್ಲಿ ತೋರಿಸಿದ ನನ್ನದು.

ಒಗಟನ್ನು ಪ್ರೇಕ್ಷಕ ಎಂದೂ ಒಲ್ಲ ಎಂಬ ಮಾತೂ ನಿಜವಲ್ಲ. 1998ರಲ್ಲಿ ಉಪೇಂದ್ರರ ‘ಎ’ ಬುದ್ಧಿವಂತರಿಗೆ ಮಾತ್ರ ಎಂದು ಹೇಳಿಕೊಂಡೇ ಬಂತು. ಹಿಂದುಮುಂದಾದ ಕತೆಯನ್ನು ಹಿಡಿಯಲು ಜನ ಎರಡನೆಯ ಸಲ ಟಿಕೆಟ್ ಕೊಂಡರು. ಕನಸು ಯಾವುದು, ಬದುಕು ಯಾವುದು ಎಂದು ಕೇಳುವ ಪವನ್ ಕುಮಾರರ ‘ಲೂಸಿಯಾ’ (2013) ತಯಾರಾದದ್ದು ಪ್ರೇಕ್ಷಕರೇ ಕೂಡಿಸಿಕೊಟ್ಟ ಹಣದಲ್ಲಿ. ಡೇವಿಡ್ ಲಿಂಚ್‌ನ ‘ಮಲ್‌ಹೊಲಂಡ್ ಡ್ರೈವ್’ ಟಿವಿ ಧಾರಾವಾಹಿಯ ಮೊದಲ ಕಂತಾಗಿ ಹುಟ್ಟಿ, ವಾಹಿನಿಯವರು ಬೇಡವೆಂದು ಬಿಟ್ಟ ಮೇಲೆ ಫ್ರಾನ್ಸಿನ ಹಣದಿಂದ 2001ರಲ್ಲಿ ಸಿನಿಮಾ ಆಯಿತು. ಅದರಲ್ಲಿ ಒಬ್ಬಾಕೆ ವೇದಿಕೆಯ ಮೇಲೆ ಹಾಡುತ್ತ ಕುಸಿದು ಬೀಳುತ್ತಾಳೆ, ಹಾಡು ಮಾತ್ರ ಮುಂದುವರಿಯುತ್ತದೆ. ಇಲ್ಲಿ ವಾದ್ಯವೃಂದವಿಲ್ಲ, ಎಲ್ಲ ಧ್ವನಿಮುದ್ರಣ ಎಂದು ಮೊದಲೇ ಹೇಳಿದ್ದಾರೆ. ಆದರೂ ಆ ಹಾಡಿಗೆ ನನ್ನ ಕಣ್ಣು ತುಂಬಿ ಬಂತು. ಲಿಂಚ್ 2025ರ ಜನವರಿಯಲ್ಲಿ ತೀರಿಕೊಂಡ; ಚಿತ್ರದ ಅರ್ಥವನ್ನು ಕೊನೆಯವರೆಗೂ ಬಿಡಿಸಿ ಹೇಳಲಿಲ್ಲ.

ತೂಗಿ ನೋಡಿದರೆ ನನ್ನ ತೀರ್ಮಾನ ಹೀಗಿದೆ. ಹೊಸಬರಿಗೆ ತೋರಿಸುವಾಗ ಭಾವನ ಮಾತು ಸರಿ: ಕತೆಯಿಂದಲೇ ಶುರು ಮಾಡಬೇಕು. ನೋಡುವ ಅಭ್ಯಾಸ ಕುದುರಿದ ಮೇಲೆ ಅಣ್ಣನ ಮಗಳ ಮಾತು ಸರಿ: ಕತೆಯಲ್ಲೇ ನಿಂತುಬಿಟ್ಟರೆ ಸಿನಿಮಾ ಮಾಡಬಲ್ಲ ಅರ್ಧ ಕೆಲಸ ನಮ್ಮ ಪಾಲಿಗೆ ಇಲ್ಲವಾಗುತ್ತದೆ. ಎರಡರ ನಡುವೆ ಸೇತುವೆಯಂಥ ಚಿತ್ರಗಳಿವೆ. ಬರ್ಗ್‌ಮನ್‌ನ ‘ವೈಲ್ಡ್ ಸ್ಟ್ರಾಬೆರೀಸ್’ (1957) ಶುರುವಿನಲ್ಲೇ ಮುದುಕ ಪ್ರೊಫೆಸರ್ ಕನಸಿನಲ್ಲಿ ನಿರ್ಜನ ಬೀದಿಗೆ ಬರುತ್ತಾನೆ. ಗಡಿಯಾರಕ್ಕೆ ಮುಳ್ಳಿಲ್ಲ, ಶವದ ಗಾಡಿಯಿಂದ ಬಿದ್ದ ಪೆಟ್ಟಿಗೆಯೊಳಗೆ ಅವನೇ ಇದ್ದಾನೆ. ರಾಯ್ ಅವರ ‘ನಾಯಕ್’ (1966) ಚಿತ್ರದಲ್ಲಿ ಉತ್ತಮ್ ಕುಮಾರ್ ನೋಟುಗಳ ಗುಡ್ಡದಲ್ಲಿ ಹೂತುಹೋಗುತ್ತಾರೆ. ಎರಡರಲ್ಲೂ ಕನಸು ಮುಗಿದೊಡನೆ ಕತೆ ನಮ್ಮನ್ನು ಎತ್ತಿಕೊಳ್ಳುತ್ತದೆ. ‘ಮಿರರ್’ಗೆ ಮೊದಲು ನಾನು ಇವನ್ನು ತೋರಿಸಬೇಕಿತ್ತು.

ಹುಸಿ ಕನಸನ್ನು ಗುರುತಿಸಲು ನನ್ನ ಬಳಿ ಇರುವ ಪರೀಕ್ಷೆ ಒಂದೇ. ಅರ್ಥ ಹೇಳಲು ಬಾರದಿದ್ದರೂ ಒಂದು ವಾರ ಕಳೆದ ಮೇಲೆ ಆ ಚಿತ್ರದ ಯಾವುದಾದರೂ ದೃಶ್ಯ ಪಾತ್ರೆ ತೊಳೆಯುವಾಗಲೋ ಬಸ್ಸಿನಲ್ಲಿ ನಿಂತಾಗಲೋ ತಾನಾಗಿ ಎದುರಿಗೆ ಬಂತೇ? ಬಂದರೆ ಅದರಲ್ಲಿ ಏನೋ ಇದೆ. ಬಾರದಿದ್ದರೆ ಎಷ್ಟೇ ಪ್ರಶಸ್ತಿ ಬಂದಿರಲಿ, ಬಿಟ್ಟುಬಿಡಿ.

ಇದನ್ನು ಓದಿ ಒಂದೇ ಒಂದು ಚಿತ್ರ ನೋಡುವ ಮನಸ್ಸಾದರೆ ‘ದಿ ಎಕ್ಸ್‌ಟರ್ಮಿನೇಟಿಂಗ್ ಏಂಜೆಲ್’ ನೋಡಿ. ಅದರ ಬಗ್ಗೆ ಇನ್ನೇನೂ ಓದಬೇಡಿ, ಕೊನೆಯನ್ನು ನಾನೂ ಹೇಳಿಲ್ಲ. ಶುರುವಿನಲ್ಲಿ ಅತಿಥಿಗಳು ಬಂಗಲೆಯೊಳಗೆ ಬರುವುದನ್ನು ಮಾತ್ರ ಗಮನಿಸಿ: ಅವರು ಎರಡು ಸಲ ಬರುತ್ತಾರೆ. ಜೋಡಣೆಯಾದ ಚಿತ್ರ ಕಂಡು ಛಾಯಾಗ್ರಾಹಕ ಫಿಗೆರೋವಾ ಇದು ಪ್ರಮಾದವೆಂದೇ ಗಾಬರಿಯಾಗಿದ್ದ. ಪ್ರಮಾದವಲ್ಲ, ಬುನ್ಯುವೆಲ್ ಬೇಕೆಂದೇ ಇಟ್ಟದ್ದು.